ಇನ್ನೂ ಸಿಗದ ಒಂದು ಲಸಿಕೆಯ ಚರಿತ್ರೆ

ಮಗುವಿನ ಹಣೆಗೆ ಮುತ್ತಿಟ್ಟಾಗ ತುಟಿಗೆ ಉಪ್ಪು ಹತ್ತಿದರೆ ಆ ಮಗು ಹೆಚ್ಚು ಕಾಲ ಬಾಳದು. ಯೂರೋಪಿನ ಜನರಲ್ಲಿ ಬಹಳ ಹಿಂದಿನಿಂದ ಇಂಥದೊಂದು ನಂಬಿಕೆ ಇತ್ತು. ವಿಜ್ಞಾನ ಓದಿದ ನಾವು ಇಂಥ ಮಾತುಗಳನ್ನು ಬೇಗ ತಳ್ಳಿಹಾಕಿಬಿಡುತ್ತೇವೆ. ಆದರೆ ಅಜ್ಜಿಯರ ಈ ಮಾತಿನೊಳಗೆ ಒಂದು ಕಾಯಿಲೆಯ ಕರಾರುವಾಕ್ಕಾದ ಲಕ್ಷಣ ಅಡಗಿತ್ತು. ಕಾಯಿಲೆಯ ಹೆಸರು ಸಿಸ್ಟಿಕ್ ಫೈಬ್ರೋಸಿಸ್. ಈ ರೋಗ ಇರುವ ಮಕ್ಕಳ ಶ್ವಾಸಕೋಶದಲ್ಲಿ ಬೀಡುಬಿಡುವ ಒಂದು ಬ್ಯಾಕ್ಟೀರಿಯಾದ ವಿರುದ್ಧ ಲಸಿಕೆ ತಯಾರಿಸಲು ಸುಮಾರು ಐವತ್ತು ವರ್ಷಗಳಿಂದ ನಡೆದಿರುವ ಪ್ರಯತ್ನವೇ ಈ ಲೇಖನದ ವಿಷಯ.

ಮೊದಲೇ ಹೇಳಿಬಿಡುತ್ತೇನೆ, ಆ ಲಸಿಕೆ ಇನ್ನೂ ಸಿಕ್ಕಿಲ್ಲ. ಸಿಡುಬು ಹೋದ ಕಥೆ, ಪೋಲಿಯೋ ನಮ್ಮ ದೇಶದಿಂದ ತೊಲಗಿದ ಕಥೆ ನಿಮ್ಮ ಪಠ್ಯಪುಸ್ತಕದಲ್ಲಿದೆ. ದೂರದರ್ಶನದಲ್ಲಿ ನಾವು ತೋರಿಸುವುದೂ ಅಂಥವನ್ನೇ, ಏಕೆಂದರೆ ಗೆದ್ದ ಕಥೆಗೆ ಚಿತ್ರಗಳು ಸುಲಭವಾಗಿ ಸಿಗುತ್ತವೆ. ಗೆಲ್ಲದ ಕಥೆಯನ್ನು ಅರ್ಧ ಗಂಟೆಯ ಮಾತುಕತೆಯಲ್ಲಿ ಹಿಡಿದಿಡುವುದು ಕಷ್ಟ. ಆದ್ದರಿಂದ ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

1938ರಲ್ಲಿ ನ್ಯೂಯಾರ್ಕಿನ ಮಕ್ಕಳ ಆಸ್ಪತ್ರೆಯೊಂದರಲ್ಲಿ ರೋಗಶಾಸ್ತ್ರಜ್ಞೆಯಾಗಿದ್ದ ಡೊರೋತಿ ಆಂಡರ್ಸನ್ ಈ ಕಾಯಿಲೆಯನ್ನು ಸ್ಪಷ್ಟವಾಗಿ ಗುರುತಿಸಿದರು. ಜೀರ್ಣದ ತೊಂದರೆಯಿಂದ ಸತ್ತರೆಂದು ತಿಳಿದಿದ್ದ ಶಿಶುಗಳ ಶವಪರೀಕ್ಷೆ ಮಾಡಿದಾಗ ಅವುಗಳ ಮೇದೋಜೀರಕ ಗ್ರಂಥಿ ಗಂಟುಗಂಟಾಗಿ, ನಾರುನಾರಾಗಿ ಹೋಗಿತ್ತು. ಕಾಯಿಲೆಗೆ ಆ ವಿಚಿತ್ರ ಹೆಸರು ಬಂದದ್ದು ಹೀಗೆ. ಹತ್ತು ವರ್ಷಗಳ ನಂತರ, 1948ರ ಬೇಸಿಗೆಯಲ್ಲಿ, ನ್ಯೂಯಾರ್ಕ್ ನಗರದಲ್ಲಿ ವಿಪರೀತ ಸೆಕೆ. ಸೆಕೆಗೆ ಕುಸಿದುಬಿದ್ದು ಆಸ್ಪತ್ರೆ ಸೇರಿದ ಮಕ್ಕಳಲ್ಲಿ ಈ ರೋಗದವರು ಅಸಾಮಾನ್ಯವಾಗಿ ಹೆಚ್ಚಾಗಿದ್ದುದು ಪಾಲ್ ಡಿ ಸಾಂಟ್‌ಆಗ್ನೆಸೆ ಎಂಬ ವೈದ್ಯರ ಗಮನ ಸೆಳೆಯಿತು. ಈ ಮಕ್ಕಳ ಬೆವರಿನಲ್ಲಿ ಉಪ್ಪು ವಿಪರೀತವಾಗಿ ಹೋಗುತ್ತದೆ ಎಂದು ಅವರು 1953ರಲ್ಲಿ ತೋರಿಸಿಕೊಟ್ಟರು. ಅಜ್ಜಿಯರ ಮಾತಿಗೆ ಪ್ರಯೋಗಶಾಲೆಯ ಮುದ್ರೆ ಬಿತ್ತು.

ಕಾರಣ ತಿಳಿಯಲು 1989ರವರೆಗೆ ಕಾಯಬೇಕಾಯಿತು. ಲ್ಯಾಪ್-ಚೀ ತ್ಸೂಯಿ, ಜಾನ್ ರಿಯೋರ್ಡನ್, ಫ್ರಾನ್ಸಿಸ್ ಕಾಲಿನ್ಸ್ ಇವರ ತಂಡಗಳು ಏಳನೆಯ ವರ್ಣತಂತುವಿನ ಮೇಲೆ ತಪ್ಪಿತಸ್ಥ ಜೀನನ್ನು ಪತ್ತೆಹಚ್ಚಿದವು. ನಮ್ಮ ಜೀವಕೋಶಗಳ ಹೊರಪೊರೆಯಲ್ಲಿ ಕ್ಲೋರೈಡ್ ಅಯಾನುಗಳು ಹಾದುಹೋಗಲು ಒಂದು ಪ್ರೋಟೀನ್ ಬಾಗಿಲಿದೆ. 1480 ಅಮೈನೋ ಆಮ್ಲಗಳ ಈ ಸರಪಳಿಯಲ್ಲಿ 508ನೆಯದು ಒಂದೇ ಒಂದು ಬಿಟ್ಟುಹೋದರೆ ಸಾಕು, ಬಾಗಿಲು ತನ್ನ ಜಾಗವನ್ನೇ ತಲಪುವುದಿಲ್ಲ. ಬೇರೆ ಬಗೆಯ ತಪ್ಪುಗಳೂ ಇವೆ, ಆದರೆ ಯೂರೋಪಿನ ಮೂಲದವರಲ್ಲಿ ಇದೇ ಹೆಚ್ಚು. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿಯೇ ಬಂದಾಗ ಮಾತ್ರ ಮಗುವಿಗೆ ರೋಗ.

ಉಪ್ಪು ಹೋದ ಕಡೆ ನೀರು ಹೋಗುತ್ತದೆ ಎಂಬುದನ್ನು ನೀವು ಪರಾಸರಣದ ಪಾಠದಲ್ಲಿ ಓದಿದ್ದೀರಿ. ಶ್ವಾಸನಾಳದ ಒಳಗೋಡೆಯ ಮೇಲೆ ತೆಳುವಾದ ನೀರಿನ ಪದರ, ಅದರ ಮೇಲೆ ಲೋಳೆ, ಕೆಳಗೆ ಸದಾ ಬೀಸುತ್ತಿರುವ ಸೂಕ್ಷ್ಮ ರೋಮಗಳು. ಈ ರೋಮಗಳು ಪೊರಕೆಯಂತೆ ಧೂಳು, ರೋಗಾಣುಗಳನ್ನು ಗಂಟಲಿನ ಕಡೆಗೆ ಗುಡಿಸುತ್ತಿರುತ್ತವೆ. ಕ್ಲೋರೈಡ್ ಬಾಗಿಲು ಇಲ್ಲದಿದ್ದರೆ ನೀರಿನ ಪದರ ಆರುತ್ತದೆ, ಲೋಳೆ ತಣ್ಣಗಾದ ರಾಗಿ ಅಂಬಲಿಯಂತೆ ಗಟ್ಟಿಯಾಗುತ್ತದೆ, ಪೊರಕೆ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಗುಡಿಸದ ಮನೆಗೆ ಯಾರು ಬೇಕಾದರೂ ಬರಬಹುದಲ್ಲವೇ?

ಹಾಗೆ ಬರುವವರಲ್ಲಿ ಮುಖ್ಯನೇ ಸೂಡೋಮೊನಾಸ್ ಎರುಜಿನೋಸಾ. ಎರುಜಿನೋಸಾ ಎಂದರೆ ತಾಮ್ರದ ಕಿಲುಬಿನ ಬಣ್ಣದ್ದು ಎಂದರ್ಥ. ಹುಣಸೆಹಣ್ಣು ಹಚ್ಚಿ ತಿಕ್ಕದ ತಾಮ್ರದ ಬಿಂದಿಗೆಯಲ್ಲಿ ನೀವು ಕಂಡಿರುವ ಅದೇ ಹಸಿರು. 1882ರಲ್ಲಿ ಕಾರ್ಲ್ ಗೆಸಾರ್ಡ್ ಎಂಬ ಫ್ರೆಂಚ್ ಔಷಧ ವಿಜ್ಞಾನಿ, ಗಾಯದ ಬ್ಯಾಂಡೇಜುಗಳು ನೀಲಿ-ಹಸಿರಾಗುವುದು ಏಕೆಂದು ಹುಡುಕುತ್ತಾ ಇದನ್ನು ಬೇರ್ಪಡಿಸಿದ. ನಾನು ಬಿ.ಎಸ್ಸಿ. ಓದುವಾಗ ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಇದನ್ನು ಬೆಳೆಸಿದ್ದೆವು. ಮುಚ್ಚಳ ತೆಗೆದರೆ ದ್ರಾಕ್ಷಿಯ ಸಿಹಿ ವಾಸನೆ! ಇಷ್ಟು ಸೊಗಸಾದ ವಾಸನೆಯ ರೋಗಾಣು ಇನ್ನೊಂದಿಲ್ಲವೆಂದು ಆಗ ಅನಿಸಿತ್ತು. ಒದ್ದೆ ಮಣ್ಣು, ಕೊಳಾಯಿಯ ಬಾಯಿ, ಪಾತ್ರೆ ತೊಳೆಯುವ ತೊಟ್ಟಿ ಹೀಗೆ ನೀರು ನಿಂತ ಕಡೆಯೆಲ್ಲ ಇದು ಇರುತ್ತದೆ. ನೀವೂ ನಾನೂ ಇದನ್ನು ಉಸಿರಾಡುತ್ತಲೇ ಇದ್ದೇವೆ, ನಮಗೆ ಏನೂ ಆಗುವುದಿಲ್ಲ. ಸಿಸ್ಟಿಕ್ ಫೈಬ್ರೋಸಿಸ್ ಇರುವ ಮಗುವಿನಲ್ಲಿ ಮಾತ್ರ ಇದು ಮೊದಮೊದಲು ಬಂದು ಹೋಗುತ್ತದೆ, ಕೊನೆಗೊಂದು ದಿನ ಬಂದದ್ದು ಹೋಗುವುದೇ ಇಲ್ಲ.

ನಿಂತ ಮೇಲೆ ಅದು ವೇಷ ಬದಲಿಸುತ್ತದೆ. ಆಲ್ಜಿನೇಟ್ ಎಂಬ ಅಂಟಾದ ಶರ್ಕರವನ್ನು ತನ್ನ ಸುತ್ತ ಸುರಿಸಿಕೊಳ್ಳುತ್ತದೆ. ಕಡಲಪಾಚಿಯಿಂದ ತೆಗೆದ ಇದೇ ಜಾತಿಯ ವಸ್ತುವನ್ನು ದಂತವೈದ್ಯರು ಹಲ್ಲಿನ ಅಚ್ಚು ತೆಗೆಯಲು ಬಳಸುತ್ತಾರೆ. ಈ ಅಂಟಿನೊಳಗೆ ಬ್ಯಾಕ್ಟೀರಿಯಾಗಳು ಗುಂಪುಗೂಡಿ ಕೂರುತ್ತವೆ. ಇದಕ್ಕೆ ಜೈವಿಕ ಪೊರೆ ಎನ್ನುತ್ತಾರೆ. ಪ್ರತಿಜೈವಿಕ ಔಷಧಗಳು ಈ ಕೋಟೆಯ ಹೊರಗಿನವುಗಳನ್ನು ಕೊಲ್ಲುತ್ತವೆ, ಒಳಗಿನವು ಉಳಿದುಕೊಂಡು ಮತ್ತೆ ಹಬ್ಬುತ್ತವೆ. ರಕ್ತದ ಬಿಳಿಕಣಗಳು ಅಲ್ಲಿಗೆ ಧಾವಿಸಿ ತಮ್ಮ ಕಿಣ್ವಗಳನ್ನು ಚೆಲ್ಲುತ್ತವೆ. ಕೋಟೆಗೆ ಏನೂ ಆಗದೆ, ಪಕ್ಕದ ಶ್ವಾಸಕೋಶದ ಗೋಡೆಯೇ ಕರಗುತ್ತಾ ಹೋಗುತ್ತದೆ. ಈ ರೋಗಿಗಳಲ್ಲಿ ಹೆಚ್ಚಿನವರ ಆಯಸ್ಸನ್ನು ತೀರ್ಮಾನಿಸುತ್ತಿದ್ದುದು ಹಲವು ವರ್ಷ ನಿಧಾನವಾಗಿ ನಡೆಯುವ ಈ ಸವೆತ.

ಹಾಗಾದರೆ ಲಸಿಕೆ ಹಾಕಿ ಪ್ರತಿಕಾಯಗಳನ್ನು ಹುಟ್ಟಿಸಿದರೆ ಆಯಿತಲ್ಲ ಎಂದು ನೀವು ಕೇಳಬಹುದು. ಈ ಕಥೆಯ ಅಸಲಿ ಗಂಟು ಇರುವುದೇ ಇಲ್ಲಿ. 1970ರ ದಶಕದಲ್ಲಿ ಡೆನ್ಮಾರ್ಕಿನ ಕೊಪನ್‌ಹೇಗನ್ನಿನಲ್ಲಿ ನೀಲ್ಸ್ ಹೊಯ್‌ಬಿ ಎಂಬ ಸೂಕ್ಷ್ಮಜೀವಿ ವಿಜ್ಞಾನಿ ಈ ರೋಗಿಗಳ ರಕ್ತದಲ್ಲಿ ಸೂಡೋಮೊನಾಸ್ ವಿರುದ್ಧದ ಪ್ರತಿಕಾಯಗಳನ್ನು ಎಣಿಸುತ್ತಾ ಹೋದರು. ಪ್ರತಿಕಾಯಗಳಿಗೆ ಕೊರತೆ ಇರಲಿಲ್ಲ, ಬೇಕಾದ್ದಕ್ಕಿಂತ ಹೆಚ್ಚೇ ಇದ್ದವು. ಇನ್ನೂ ಆಶ್ಚರ್ಯವೆಂದರೆ, ಯಾರ ರಕ್ತದಲ್ಲಿ ಪ್ರತಿಕಾಯಗಳು ಹೆಚ್ಚು ಬಗೆಯಲ್ಲಿದ್ದವೋ ಅವರ ಸ್ಥಿತಿಯೇ ಹೆಚ್ಚು ಕೆಟ್ಟದಾಗಿತ್ತು. ಧನುರ್ವಾಯುವಿನ ಚುಚ್ಚುಮದ್ದಿನಲ್ಲಿ ಹೀಗಿಲ್ಲ. ಅಲ್ಲಿ ರಕ್ತದಲ್ಲಿ ಸಾಕಷ್ಟು ಪ್ರತಿಕಾಯ ಇದೆ ಎಂದರೆ ವಿಷ ನಿಷ್ಕ್ರಿಯವಾಯಿತು, ನೀವು ಸುರಕ್ಷಿತ ಎಂದೇ ಅರ್ಥ. ಇಲ್ಲಿ ಪ್ರತಿಕಾಯಗಳು ಬ್ಯಾಕ್ಟೀರಿಯಾದ ಚೂರುಗಳೊಡನೆ ಸೇರಿ ಗಂಟುಗಳಾಗಿ, ಇನ್ನಷ್ಟು ಬಿಳಿಕಣಗಳನ್ನು ಕರೆತಂದು ಉರಿಗೆ ತುಪ್ಪ ಸುರಿಯುತ್ತಿದ್ದವು. ಲಸಿಕೆ ತಯಾರಿಸುವವರಿಗೆ ಇದಕ್ಕಿಂತ ಕೆಟ್ಟ ಸುದ್ದಿ ಯಾವುದು? ತಪ್ಪು ಸಮಯದಲ್ಲಿ, ತಪ್ಪು ಬಗೆಯ ಪ್ರತಿಕಾಯ ಹುಟ್ಟಿಸಿದರೆ ಒಳ್ಳೆಯದಕ್ಕಿಂತ ಕೆಡುಕೇ ಹೆಚ್ಚಾದೀತು.

ಆದರೂ ಪ್ರಯತ್ನ ಶುರುವಾಗಿತ್ತು, ಅದೂ ಬೇರೊಂದು ಕಡೆಯಿಂದ. ಸುಟ್ಟಗಾಯದ ರೋಗಿಗಳಿಗೆ ಸೂಡೋಮೊನಾಸ್ ಯಮನಂತೆ. ಚರ್ಮ ಇಲ್ಲದ ಗಾಯದಿಂದ ರಕ್ತಕ್ಕೆ ಇಳಿದು ಕೆಲವೇ ದಿನಗಳಲ್ಲಿ ಕೊಲ್ಲುತ್ತದೆ. ಅಮೆರಿಕದಲ್ಲಿ ಪಾರ್ಕ್-ಡೇವಿಸ್ ಕಂಪನಿ ಏಳು ಬಗೆಯ ಸೂಡೋಮೊನಾಸ್‌ನ ಹೊರಕವಚದ ಅಂಶಗಳಿಂದ ಒಂದು ಲಸಿಕೆ ಮಾಡಿತು. ಬ್ರಿಟನ್ನಿನಲ್ಲಿ ವೆಲ್‌ಕಮ್ ಸಂಸ್ಥೆ 16 ಬಗೆಗಳಿಂದ ಇನ್ನೊಂದನ್ನು ಮಾಡಿತು. ಈ ಎರಡನೆಯದರ ದೊಡ್ಡ ಪರೀಕ್ಷೆ ನಡೆದದ್ದು ನಮ್ಮ ದೆಹಲಿಯಲ್ಲಿ! ಬ್ರಿಟನ್ನಿನ ಜೋನ್ಸ್ ಮತ್ತು ರೋ, ದೆಹಲಿಯ ವೈದ್ಯ ಗುಪ್ತಾ, ಈ ಮೂವರು ಸುಟ್ಟಗಾಯದ ರೋಗಿಗಳಿಗೆ ಲಸಿಕೆ ಕೊಟ್ಟು, ಕೊಡದವರೊಂದಿಗೆ ಹೋಲಿಸಿ 1970ರ ದಶಕದ ಕೊನೆಯಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಮಾಡಿದರು. ಲಸಿಕೆ ಪಡೆದವರಲ್ಲಿ ಸಾವು ಕಡಿಮೆಯಾಗಿತ್ತು. ಸೀಮೆಎಣ್ಣೆ ಒಲೆಗೆ ಸೀರೆ ತಾಗಿ ಸುಟ್ಟುಕೊಂಡ ಹೆಂಗಸರು ನಮ್ಮ ಆಸ್ಪತ್ರೆಗಳಲ್ಲಿ ತುಂಬಿರುತ್ತಿದ್ದ ಕಾಲ ಅದು.

ರಕ್ತದಲ್ಲಿ ಕೆಲಸ ಮಾಡಿದ್ದು ಕಫದಲ್ಲೂ ಮಾಡಬೇಕಲ್ಲ ಎಂಬುದು ಸಹಜ ತರ್ಕ. ಅಮೆರಿಕದ ಏಳು ಬಗೆಯ ಲಸಿಕೆಯನ್ನು ಸಿಸ್ಟಿಕ್ ಫೈಬ್ರೋಸಿಸ್ ರೋಗಿಗಳಿಗೆ ಕೊಟ್ಟು ನೋಡಿದ ವರದಿ 1975ರಲ್ಲಿ ಬಂತು. ಪ್ರತಿಕಾಯ ಏರಿತು, ಚುಚ್ಚಿದ ಜಾಗ ನೋವಿನಿಂದ ಊದಿತು, ಕಫದ ಸೂಡೋಮೊನಾಸ್ ಇದ್ದಲ್ಲೇ ಇತ್ತು. ಬ್ರಿಟನ್ನಿನಲ್ಲಿ ಲ್ಯಾಂಗ್‌ಫರ್ಡ್ ಮತ್ತು ಹಿಲ್ಲರ್ ಎಂಬ ವೈದ್ಯರು 16 ಬಗೆಯ ಲಸಿಕೆಯನ್ನು ಮೂರು ವರ್ಷ ಪರೀಕ್ಷಿಸಿ 1984ರಲ್ಲಿ ಪ್ರಕಟಿಸಿದ ಫಲಿತಾಂಶವೂ ನಿರಾಶೆಯದೇ.

ಏಕೆ ಹೀಗಾಯಿತು? ಒಂದು ಕಾರಣ ಮುಂದೆ ತಿಳಿಯಿತು. ಲಸಿಕೆ ಗುರುತಿಸಲು ಕಲಿಸುವುದು ಬ್ಯಾಕ್ಟೀರಿಯಾದ ಮೇಲಂಗಿಯನ್ನು, ಅಂದರೆ ಹೊರಕವಚದಿಂದ ಹೊರಚಾಚಿದ ಶರ್ಕರದ ಸರಪಳಿಗಳನ್ನು. ಸೂಡೋಮೊನಾಸ್ ಶ್ವಾಸಕೋಶದಲ್ಲಿ ನೆಲೆನಿಂತ ಮೇಲೆ ಆ ಮೇಲಂಗಿಯನ್ನೇ ಕಳಚಿ ಎಸೆಯುತ್ತದೆ. ಈಜಲು ಬಳಸುತ್ತಿದ್ದ ಕಶಾಂಗವನ್ನೂ, ಅಂದರೆ ಚಾಟಿಯಂಥ ಬಾಲವನ್ನೂ, ಎಷ್ಟೋ ಬಾರಿ ಬಿಟ್ಟುಬಿಡುತ್ತದೆ. ಕೋಟೆಯೊಳಗೆ ಕೂತವನಿಗೆ ಓಡಾಟ ಏತಕ್ಕೆ? ಕೆಂಪಂಗಿಯ ಕಳ್ಳನನ್ನು ಹಿಡಿಯಿರೆಂದು ಪೊಲೀಸರಿಗೆ ಹೇಳಿ ಕಳಿಸಿದಾಗ ಕಳ್ಳ ಅಂಗಿ ಬಿಚ್ಚಿಟ್ಟು ಜನರ ನಡುವೆ ಕೂತಂತಾಯಿತು. ಆದ್ದರಿಂದ ಲಸಿಕೆ ಕೊಡುವುದಾದರೆ ಸೂಡೋಮೊನಾಸ್ ಮೊದಲ ಬಾರಿ ಕಾಲಿಡುವ ಮುಂಚೆಯೇ ಕೊಡಬೇಕು, ಅದು ಇನ್ನೂ ಅಂಗಿ ತೊಟ್ಟಿರುವಾಗ. ಇಷ್ಟನ್ನು ಕಲಿಯಲು ಹತ್ತು ಹನ್ನೆರಡು ವರ್ಷ ಹಿಡಿಯಿತು.

ಇನ್ನೊಂದು ತೊಂದರೆ ಪ್ರಾಣಿಗಳದ್ದು. ಲಸಿಕೆಯನ್ನು ಮೊದಲು ಇಲಿಯಲ್ಲಿ ನೋಡುವುದು ವಾಡಿಕೆ. ಆರೋಗ್ಯವಂತ ಇಲಿಯ ಶ್ವಾಸಕೋಶಕ್ಕೆ ಸೂಡೋಮೊನಾಸ್ ಬಿಟ್ಟರೆ, ಹೆಚ್ಚಾದಲ್ಲಿ ಇಲಿ ಸಾಯುತ್ತದೆ, ಕಡಿಮೆಯಾದಲ್ಲಿ ಬೇಗನೆ ಗುಡಿಸಿಹಾಕುತ್ತದೆ. ವರ್ಷಗಟ್ಟಲೆ ನಿಲ್ಲುವ ಸೋಂಕು ಬರುವುದೇ ಇಲ್ಲ. 1979ರಲ್ಲಿ ಒಂದು ಉಪಾಯ ಪ್ರಕಟವಾಯಿತು. ಬ್ಯಾಕ್ಟೀರಿಯಾವನ್ನು ಅಗಾರ್‌ನ ಪುಟ್ಟ ಮಣಿಗಳಲ್ಲಿ ಹುದುಗಿಸಿ ಶ್ವಾಸನಾಳಕ್ಕೆ ಇಳಿಸುವುದು. ಅಗಾರ್ ಎಂದರೆ ನಮ್ಮ ಮನೆಗಳಲ್ಲಿ ಚೈನಾಗ್ರಾಸ್ ಎಂದು ಸಿಹಿತಿಂಡಿಗೆ ಹಾಕುವ ಪದಾರ್ಥವೇ. ಮಣಿ ಜಾರುವುದಿಲ್ಲ, ಸೋಂಕು ಉಳಿಯುತ್ತದೆ. ಆದರೆ ಅದು ಮನುಷ್ಯನ ಕಾಯಿಲೆಯ ನಕಲಷ್ಟೇ. 1992ರಲ್ಲಿ ಜೀನ್ ಕೆಡಿಸಿದ ಇಲಿಯೇ ಬಂತು. ಅದರ ಕರುಳು ಕೆಟ್ಟಿತೇ ಹೊರತು, ಶ್ವಾಸಕೋಶದಲ್ಲಿ ಮಕ್ಕಳಿಗೆ ಆಗುವಂಥದ್ದು ಆಗಲಿಲ್ಲ. ಮನುಷ್ಯನಂತೆಯೇ ಶ್ವಾಸಕೋಶ ಕೆಡುವ ಹಂದಿಯನ್ನು ಅಮೆರಿಕದ ವಿಜ್ಞಾನಿಗಳು ರೂಪಿಸಿದ್ದು 2008ರಲ್ಲಿ. ಅಷ್ಟರಲ್ಲಿ ಮುಖ್ಯ ಲಸಿಕೆಗಳ ಪರೀಕ್ಷೆ ಮಕ್ಕಳ ಮೇಲೆಯೇ ಮುಗಿದುಹೋಗಿತ್ತು.

ಆ ಪರೀಕ್ಷೆಗಳಿಗೆ ಬರೋಣ. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಸೀರಮ್ ಮತ್ತು ಲಸಿಕಾ ಸಂಸ್ಥೆಯಲ್ಲಿ ಸ್ಟ್ಯಾನ್ಲಿ ಕ್ರಿಜ್ ಮತ್ತು ಸಂಗಡಿಗರು ಎಂಟು ಬಗೆಯ ಸೂಡೋಮೊನಾಸ್‌ನ ಮೇಲಂಗಿಯ ಶರ್ಕರಗಳನ್ನು ತೆಗೆದು, ಅದೇ ಬ್ಯಾಕ್ಟೀರಿಯಾದ ‘ಎ’ ಎಂಬ ವಿಷವನ್ನು ನಿರ್ವಿಷಗೊಳಿಸಿ, ಎರಡನ್ನೂ ಒಂದಕ್ಕೊಂದು ಬೆಸೆದರು. ಬರೀ ಶರ್ಕರಕ್ಕೆ ದೇಹದ ರಕ್ಷಣಾ ವ್ಯವಸ್ಥೆ ಅಷ್ಟಾಗಿ ಓಗೊಡುವುದಿಲ್ಲ, ಪ್ರೋಟೀನಿನ ಬೆನ್ನೇರಿ ಬಂದರೆ ಚೆನ್ನಾಗಿ ನೆನಪಿಟ್ಟುಕೊಳ್ಳುತ್ತದೆ. ಈಗ ನಮ್ಮ ಶಿಶುಗಳಿಗೆ ಕೊಡುವ ಪೆಂಟಾವೇಲೆಂಟ್ ಲಸಿಕೆಯ ಹಿಬ್ ಭಾಗವೂ ಇದೇ ತತ್ತ್ವದ್ದು. 1989ರಿಂದ, ಸೂಡೋಮೊನಾಸ್ ಇನ್ನೂ ನೆಲೆನಿಲ್ಲದ ಮಕ್ಕಳಿಗೆ ಈ ಲಸಿಕೆ ಕೊಡತೊಡಗಿದರು. ಯಾರ ಪ್ರತಿಕಾಯಗಳು ಬ್ಯಾಕ್ಟೀರಿಯಾವನ್ನು ಬಿಗಿಯಾಗಿ ಹಿಡಿಯುತ್ತಿದ್ದವೋ ಅವರಲ್ಲಿ ಸೋಂಕು ಕಡಿಮೆ ಎಂದು ಕಂಡುಬಂತು. ಪ್ರತಿಕಾಯ ಎಷ್ಟಿದೆ ಎಂಬುದಕ್ಕಿಂತ ಎಂಥದ್ದು ಎಂಬುದು ಮುಖ್ಯ ಎಂಬ ಸೂಚನೆ ಇದು. ಹತ್ತು ವರ್ಷದ ಫಲಿತಾಂಶ 2004ರಲ್ಲಿ ಬಂದಾಗ ಎಲ್ಲರೂ ಕತ್ತೆತ್ತಿ ನೋಡುವಂತಾಯಿತು. ಲಸಿಕೆ ಪಡೆದ 25 ಮಂದಿಯಲ್ಲಿ ಶೇಕಡಾ 32ರಷ್ಟು ಜನರಿಗೆ ಸೋಂಕು, ಹೋಲಿಕೆಯ ಗುಂಪಿನ 25 ಮಂದಿಯಲ್ಲಿ ಶೇಕಡಾ 72.

ಇಲ್ಲಿ ಸ್ವಲ್ಪ ನಿಲ್ಲಿ. ಹೋಲಿಕೆಯ ಗುಂಪನ್ನು ಹೇಗೆ ಆರಿಸಿದರು? ಚೀಟಿ ಎತ್ತಿ ವಿಂಗಡಿಸಿದ್ದಲ್ಲ. ಲಸಿಕೆ ಪಡೆದವರಿಗೆ ವಯಸ್ಸು ಮುಂತಾದವುಗಳಲ್ಲಿ ಹೊಂದುವಂಥ, ಲಸಿಕೆ ಪಡೆಯದ ರೋಗಿಗಳನ್ನು ಆರಿಸಿ ಪಕ್ಕದಲ್ಲಿಟ್ಟು ನೋಡಿದ್ದು. ಹೊಸ ಲಸಿಕೆಗೆ ಒಪ್ಪಿ ಹತ್ತು ವರ್ಷ ತಪ್ಪದೆ ಬರುವ ಕುಟುಂಬ ಮಿಕ್ಕ ವಿಷಯಗಳಲ್ಲೂ ಹೆಚ್ಚು ಎಚ್ಚರದಿಂದಿರಬಹುದು. ಸಮಯಕ್ಕೆ ಔಷಧ, ದಿನಕ್ಕೆರಡು ಸಲ ಬೆನ್ನು ತಟ್ಟಿ ಕಫ ತೆಗೆಸುವುದು, ಸಂಶಯ ಬಂದ ಕೂಡಲೇ ಆಸ್ಪತ್ರೆ. ಹಾಗಾದರೆ ಕಾಪಾಡಿದ್ದು ಲಸಿಕೆಯೋ, ತಾಯಿಯ ಎಚ್ಚರವೋ? 32 ಮತ್ತು 72 ಎಂಬ ಎರಡು ಅಂಕಿಗಳನ್ನು ಎಷ್ಟು ದಿಟ್ಟಿಸಿದರೂ ಇದಕ್ಕೆ ಉತ್ತರ ಸಿಗದು. ಒಂದೇ ಮಾರ್ಗವೆಂದರೆ ದೊಡ್ಡ ಗುಂಪನ್ನು ಅದೃಷ್ಟದ ಮೇಲೆ ಎರಡಾಗಿ ಒಡೆದು, ಅರ್ಧಕ್ಕೆ ಲಸಿಕೆ, ಅರ್ಧಕ್ಕೆ ಹುಸಿಮದ್ದು ಕೊಟ್ಟು, ಯಾರಿಗೆ ಯಾವುದೆಂದು ವೈದ್ಯರಿಗೂ ರೋಗಿಗೂ ತಿಳಿಯದಂತೆ ಇಡುವುದು.

ಅಂಥ ಎರಡು ದೊಡ್ಡ ಪರೀಕ್ಷೆಗಳು ಯೂರೋಪಿನಲ್ಲಿ ನಡೆದವು. ಮೊದಲನೆಯದು ಜರ್ಮನಿಯ ಟ್ಯೂಬಿಂಗನ್ನಿನ ಗೆರ್ಡ್ ಡೋರಿಂಗ್ ಅವರ ಮುಂದಾಳತ್ವದ್ದು. ಈ ಲಸಿಕೆ ಮೇಲಂಗಿಯನ್ನಲ್ಲ, ಕಶಾಂಗವನ್ನು ಗುರಿಯಾಗಿಸಿತ್ತು. 2ರಿಂದ 18 ವರ್ಷದ, ಸೋಂಕು ನೆಲೆಸದ 483 ಮಂದಿ ಭಾಗವಹಿಸಿದರು. 2007ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಲಸಿಕೆ ಪಡೆದ 239 ಮಂದಿಯಲ್ಲಿ 82 ಮಂದಿಗೆ ಸೂಡೋಮೊನಾಸ್ ಬಂದುಹೋಯಿತು, ಹುಸಿಮದ್ದಿನ 244 ಮಂದಿಯಲ್ಲಿ 105 ಮಂದಿಗೆ. ವ್ಯತ್ಯಾಸ ಇದೆ, ಆದರೆ ಚಿಕ್ಕದು. ಲಸಿಕೆಯಲ್ಲಿದ್ದ ಬಗೆಯ ಕಶಾಂಗ ಹೊತ್ತ ತಳಿಗಳು ಲಸಿಕೆ ಪಡೆದವರಲ್ಲಿ ಕಡಿಮೆ ಕಂಡವು ಎನ್ನುವುದು ಇದಕ್ಕೆ ಬೆಂಬಲ. ಆದರೆ ಕಟ್ಟಕಡೆಯ ಪ್ರಶ್ನೆ ಬೇರೆ. ಹೋಗದೆ ನಿಲ್ಲುವ ದೀರ್ಘಕಾಲದ ಸೋಂಕು ಕಡಿಮೆಯಾಯಿತೇ? ಎರಡು ಗುಂಪುಗಳಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಪ್ರತಿಕಾಯ ಮಾತ್ರ ಧಾರಾಳವಾಗಿ ಏರಿ ಬಹುಕಾಲ ನಿಂತಿತ್ತು. ಮೈಕೈ ನೋವು ಮೊದಲಾದ ಅಡ್ಡ ಘಟನೆಗಳು ಲಸಿಕೆಯ ಗುಂಪಿನಲ್ಲಿ 227, ಇನ್ನೊಂದರಲ್ಲಿ 91.

ಎರಡನೆಯ ಪರೀಕ್ಷೆ ಬರ್ನ್‌ನ ಎಂಟು ಬಗೆಯ ಲಸಿಕೆಯದು. 476 ರೋಗಿಗಳು. 2006ರಲ್ಲಿ ಆ ಲಸಿಕೆಯ ಒಡೆತನ ಹೊಂದಿದ್ದ ಕಂಪನಿ ಒಂದು ಪತ್ರಿಕಾ ಪ್ರಕಟಣೆ ಹೊರಡಿಸಿತು. ಹಿಂದಿನ ಅಧ್ಯಯನದ ಫಲಿತಾಂಶವನ್ನು ಈ ಪರೀಕ್ಷೆ ದೃಢಪಡಿಸಲಿಲ್ಲ, ಮುಂದಿನ ಕೆಲಸ ನಿಲ್ಲಿಸಿದ್ದೇವೆ ಎಂಬುದು ಅದರ ಸಾರ. ಸೋಲು ತಪ್ಪಲ್ಲ. ಆದರೆ ಪರೀಕ್ಷೆಯ ಅಂಕಿಅಂಶಗಳನ್ನು ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಲಿಲ್ಲ.

ಇದನ್ನು ಓದಿದಾಗ ನನಗೆ ಸಿಟ್ಟು ಬಂತೆಂದು ಹೇಳಲು ಸಂಕೋಚವಿಲ್ಲ. 476 ಎಂದರೆ ಬರೀ ಅಂಕಿಯಲ್ಲ. ಅಷ್ಟೂ ರೋಗಿಗಳು ಮತ್ತೆ ಮತ್ತೆ ತೋಳು ಚಾಚಿದ್ದಾರೆ, ರಕ್ತ ಕೊಟ್ಟಿದ್ದಾರೆ, ಕಫ ಕೆಮ್ಮಿ ಕೊಟ್ಟಿದ್ದಾರೆ. ತನಗಲ್ಲದಿದ್ದರೆ ಮುಂದಿನವರಿಗಾದರೂ ಆದೀತು ಎಂಬುದೇ ಇಂಥ ಪರೀಕ್ಷೆಗೆ ಒಪ್ಪುವವರ ಆಸೆ. ಲಸಿಕೆ ಎಲ್ಲಿ ಸೋತಿತು? ಪ್ರತಿಕಾಯ ಬಿಗಿಯಾಗಿ ಹಿಡಿಯಲಿಲ್ಲವೋ, ಲಸಿಕೆಯಲ್ಲಿ ಇಲ್ಲದ ತಳಿಗಳು ಬಂದವೋ, ಯಾವುದಾದರೂ ವಯಸ್ಸಿನವರಿಗೆ ಸ್ವಲ್ಪವಾದರೂ ನೆರವಾಯಿತೋ? ಈ ವಿವರಗಳು ಮುಂದಿನ ಸಂಶೋಧಕನಿಗೆ ಬಂಗಾರ. ನೀವು ಪ್ರಯೋಗಶಾಲೆಯ ದಾಖಲೆ ಪುಸ್ತಕದಲ್ಲಿ ತಪ್ಪಿದ ಪ್ರಯೋಗದ ಓದುಗಳನ್ನು ಹೊಡೆದುಹಾಕಿ ‘ಸರಿಯಾದ’ ಉತ್ತರ ಬರೆಯುತ್ತೀರಲ್ಲ (ನಾವೂ ಬರೆದವರೇ), ಅದರ ದೊಡ್ಡ ರೂಪ ಇದು.

ಕೊಪನ್‌ಹೇಗನ್ನಿನ ಯೋಹಾನ್ಸೆನ್ ಮತ್ತು ಗೊಚೆ ಎಂಬ ಪರಿಶೀಲಕರು ಕೊಕ್ರೇನ್ ಸಂಸ್ಥೆಗಾಗಿ ಈ ಎಲ್ಲ ಪರೀಕ್ಷೆಗಳನ್ನು ಒಟ್ಟಿಗೆ ಇಟ್ಟು ತೂಗಿದರು. ಚೀಟಿ ಎತ್ತಿ ವಿಂಗಡಿಸಿದ ಪರೀಕ್ಷೆಗಳು ಸಿಕ್ಕಿದ್ದು ಮೂರೇ. 483, 476, ಮತ್ತು 37 ಜನರ ಒಂದು ಚಿಕ್ಕದು, ಒಟ್ಟು 996 ಮಂದಿ. ಸೂಡೋಮೊನಾಸ್ ಲಸಿಕೆಯನ್ನು ಶಿಫಾರಸು ಮಾಡಲು ಬರುವುದಿಲ್ಲ ಎಂಬುದು ಅವರ ತೀರ್ಪು. 2015ರಲ್ಲಿ ಪರಿಷ್ಕರಿಸಿದಾಗಲೂ ತೀರ್ಪು ಅದೇ, 476 ಜನರ ಪರೀಕ್ಷೆಯ ವಿವರದ ಜಾಗ ಆಗಲೂ ಖಾಲಿ.

ಲಸಿಕೆ ಸೋತ ಕಡೆ ಮಕ್ಕಳು ಹೇಗೆ ಬದುಕಿದರು ಎಂದು ಕೇಳಿದರೆ, ಅದಕ್ಕೂ ಡೆನ್ಮಾರ್ಕಿಗೆ ಹೋಗಬೇಕು. ಅಲ್ಲಿನವರು ಎರಡು ಕೆಲಸ ಮಾಡಿದರು. ಒಂದು, ಸೋಂಕು ಇರುವವರನ್ನೂ ಇಲ್ಲದವರನ್ನೂ ಬೇರೆಬೇರೆ ದಿನ, ಬೇರೆಬೇರೆ ಕೋಣೆಯಲ್ಲಿ ನೋಡತೊಡಗಿದರು. ಇನ್ನೊಂದು, ಕಫದಲ್ಲಿ ಸೂಡೋಮೊನಾಸ್ ಮೊದಲ ಬಾರಿ ಕಂಡ ಕೂಡಲೇ, ಮಗು ಆರಾಮಾಗಿದ್ದರೂ, ಕೊಲಿಸ್ಟಿನ್ ಆವಿ ಮತ್ತು ಸಿಪ್ರೋಫ್ಲಾಕ್ಸಸಿನ್ ಗುಳಿಗೆ. 1991ರಲ್ಲಿ ಇದರ ಲಾಭ ಪ್ರಕಟವಾಯಿತು, ಬೇರೆ ದೇಶಗಳೂ ಅನುಸರಿಸಿದವು. ಇದರಿಂದ ಒಂದು ವಿಚಿತ್ರ ಪರಿಣಾಮವೂ ಆಯಿತು. ಲಸಿಕೆಯ ಪರೀಕ್ಷೆಗಳಲ್ಲಿ ಎರಡು ಗುಂಪುಗಳ ಮಕ್ಕಳಿಗೂ ಈ ಚಿಕಿತ್ಸೆ ಸಿಗುತ್ತಿದ್ದುದರಿಂದ ದೀರ್ಘಕಾಲದ ಸೋಂಕು ಎರಡರಲ್ಲೂ ವಿರಳವಾಯಿತು. ವಿರಳವಾದದ್ದನ್ನು ಇನ್ನೂ ವಿರಳ ಮಾಡಿದೆ ಎಂದು ತೋರಿಸಲು ಸಾವಿರಾರು ಮಕ್ಕಳು ಬೇಕು, ಅಷ್ಟು ಮಕ್ಕಳು ಎಲ್ಲಿದ್ದಾರೆ? ಮಕ್ಕಳಿಗೆ ಒಳ್ಳೆಯದಾಯಿತು, ಲಸಿಕೆಗೆ ಕಷ್ಟವಾಯಿತು.

ಬೇರ್ಪಡಿಸುವ ನಿಯಮಕ್ಕೂ ಬೆಲೆ ಇತ್ತು. ಹಿಂದೆ ಈ ಮಕ್ಕಳಿಗಾಗಿ ಬೇಸಿಗೆ ಶಿಬಿರಗಳು ನಡೆಯುತ್ತಿದ್ದವು. ತಮ್ಮಂತೆಯೇ ಕೆಮ್ಮುವ, ತಮ್ಮಂತೆಯೇ ಊಟಕ್ಕೆ ಮೊದಲು ಗುಳಿಗೆ ನುಂಗುವ ಗೆಳೆಯರು ಅಲ್ಲಿ ಸಿಗುತ್ತಿದ್ದರು. ರೋಗಾಣು ಒಬ್ಬರಿಂದೊಬ್ಬರಿಗೆ ದಾಟುತ್ತದೆಂದು ತಿಳಿದ ಮೇಲೆ ಶಿಬಿರಗಳು ನಿಂತವು. ಒಂದೇ ಕಾಯಿಲೆಯ ಇಬ್ಬರು ಪಕ್ಕಪಕ್ಕ ಕೂರಬಾರದೆಂಬುದು ಈಗಲೂ ನಿಯಮ.

ಲಸಿಕೆಯ ದಾರಿಯಲ್ಲಿ ಒಂದು ಸುಳಿವು ಉಳಿದಿದೆ. 1987ರಲ್ಲಿ ಬಾಸ್ಟನ್ನಿನ ಜೆರಾಲ್ಡ್ ಪಿಯರ್ ಮತ್ತು ಸಂಗಡಿಗರು, ವಯಸ್ಸಾದರೂ ಸೂಡೋಮೊನಾಸ್ ನೆಲೆಸದಿದ್ದ ಅಪರೂಪದ ರೋಗಿಗಳ ರಕ್ತ ಪರೀಕ್ಷಿಸಿದರು. ಅವರಲ್ಲಿ ಆಲ್ಜಿನೇಟ್ ಕೋಟೆಯ ವಿರುದ್ಧ ಪ್ರತಿಕಾಯಗಳಿದ್ದವು, ಅವು ಬರೀ ಅಂಟಿಕೊಳ್ಳದೆ ಬಿಳಿಕಣಗಳ ಕೈಯಲ್ಲಿ ಬ್ಯಾಕ್ಟೀರಿಯಾವನ್ನು ನಿಜಕ್ಕೂ ಕೊಲ್ಲಿಸುತ್ತಿದ್ದವು. ಸೋಂಕಿತರಲ್ಲಿ ಅಂಟಿಕೊಳ್ಳುವವು ಹೇರಳ, ಕೊಲ್ಲಿಸುವವು ಇಲ್ಲ. ಹೊಯ್‌ಬಿ ಅವರ ಒಗಟಿಗೆ ಇದು ಅರ್ಧ ಉತ್ತರ. ಇಂಥ ಪ್ರತಿಕಾಯವನ್ನು ಲಸಿಕೆಯಿಂದ ಹುಟ್ಟಿಸುವುದು ಮಾತ್ರ ಸುಲಭವಾಗಿಲ್ಲ. ಬ್ಯಾಕ್ಟೀರಿಯಾದ ಹೊರಪೊರೆಯ ಎರಡು ಪ್ರೋಟೀನುಗಳನ್ನು ಬೆಸೆದ ಇನ್ನೊಂದು ಲಸಿಕೆಯನ್ನು ತೀವ್ರನಿಗಾ ಘಟಕದಲ್ಲಿ ಕೃತಕ ಉಸಿರಾಟದ ಮೇಲಿದ್ದ ರೋಗಿಗಳಲ್ಲಿ ಪರೀಕ್ಷಿಸಿದರು. ಪ್ರತಿಕಾಯ ಬಂತು, ಸಾವು ಕಡಿಮೆಯಾಗಲಿಲ್ಲ. 2016ರಲ್ಲಿ ಅದೂ ನಿಂತಿತು. ಕೋವಿಡ್ ಕಾಲದಲ್ಲಿ ಪ್ರಸಿದ್ಧವಾದ ಎಂಆರ್‌ಎನ್‌ಎ ಮಾದರಿಯ ಸೂಡೋಮೊನಾಸ್ ಲಸಿಕೆಗಳು ಇಲಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿವೆ. ಇಲಿಯ ವಿಷಯ ನಿಮಗೀಗ ಗೊತ್ತು.

ಈ ನಡುವೆ ಕಾಯಿಲೆಯೇ ಬದಲಾಯಿತು. ಕೆಟ್ಟ ಬಾಗಿಲನ್ನೇ ರಿಪೇರಿ ಮಾಡುವ ಗುಳಿಗೆಗಳು ಬಂದವು. 2012ರಲ್ಲಿ ಕೆಲವೇ ರೋಗಿಗಳಿಗೆ ಹೊಂದುವ ಐವಾಕಾಫ್ಟರ್, 2019ರಲ್ಲಿ ಬಹುಪಾಲು ರೋಗಿಗಳಿಗೆ ಆಗುವ ಮೂರು ಔಷಧಗಳ ಜೋಡಣೆ. ಕಫ ತೆಳುವಾಯಿತು, ಎಷ್ಟೋ ಜನ ಶ್ವಾಸಕೋಶ ಬದಲಾವಣೆಯ ಪಟ್ಟಿಯಿಂದ ಹೆಸರು ತೆಗೆಸಿಕೊಂಡರು. ಆದರೆ ಹಳೆಯ ಸೂಡೋಮೊನಾಸ್ ಅನೇಕರಲ್ಲಿ ಕಡಿಮೆಯಾದರೂ ಪೂರ್ತಿ ಹೋಗಲಿಲ್ಲ. ಮತ್ತೆ, ಅಮೆರಿಕದಲ್ಲಿ 2019ರಲ್ಲಿ ಈ ಗುಳಿಗೆಗಳ ಬೆಲೆ ವರ್ಷಕ್ಕೆ ಸುಮಾರು 3 ಲಕ್ಷ ಡಾಲರ್ ಇತ್ತು. ಎಲ್ಲ ಬಗೆಯ ಜೀನ್ ದೋಷಕ್ಕೂ ಇವು ಆಗುವುದಿಲ್ಲ.

ನಮ್ಮಲ್ಲಿ ಇದು ಬಿಳಿಯರ ಕಾಯಿಲೆ ಎಂದು ಬಹುಕಾಲ ನಂಬಿದ್ದರು. ಹಾಗಲ್ಲ, ಭಾರತದ ಮಕ್ಕಳಲ್ಲೂ ಇದೆ. ಜೀನಿನ ದೋಷಗಳ ಹಂಚಿಕೆ ಮಾತ್ರ ಬೇರೆ, 508ನೆಯ ಕೊಂಡಿಯ ದೋಷ ಇಲ್ಲಿ ಅಷ್ಟು ಪ್ರಧಾನವಲ್ಲ. ಪದೇಪದೇ ಕೆಮ್ಮುವ, ತಿಂದದ್ದು ಮೈಗೆ ಹತ್ತದ ಮಗುವನ್ನು ಕ್ಷಯವೆಂದೋ ಆಸ್ತಮಾ ಎಂದೋ ಅಪೌಷ್ಟಿಕತೆಯೆಂದೋ ವರ್ಷಗಟ್ಟಲೆ ನೋಡಿ, ಕೊನೆಗೆ ಯಾರೋ ಅನುಮಾನಪಟ್ಟು ಬೆವರು ಪರೀಕ್ಷೆಗೆ ಕಳಿಸುವಷ್ಟರಲ್ಲಿ ಸೂಡೋಮೊನಾಸ್ ಎಷ್ಟೋ ಬಾರಿ ಆಗಲೇ ಕೋಟೆ ಕಟ್ಟಿಕೊಂಡಿರುತ್ತದೆ. ಲಸಿಕೆ ನಾಳೆಯೇ ಸಿಕ್ಕರೂ ಅದು ಮೊದಲ ಸೋಂಕಿಗೆ ಮುಂಚೆ ಕೊಡಬೇಕಾದದ್ದು ಎಂಬುದನ್ನು ನೆನಪಿಸಿಕೊಳ್ಳಿ. ಬೆವರು ಪರೀಕ್ಷೆ 1959ರಷ್ಟು ಹಳೆಯದು. ತೋಳಿಗೆ ಪೈಲೋಕಾರ್ಪಿನ್ ಎಂಬ ಔಷಧ ಸವರಿ, ಸಣ್ಣ ವಿದ್ಯುತ್ ಹರಿಸಿ, ಸುಮಾರು ಅರ್ಧ ಗಂಟೆ ಬೆವರು ಸಂಗ್ರಹಿಸಿ, ಅದರಲ್ಲಿ ಕ್ಲೋರೈಡ್ ಎಷ್ಟಿದೆಯೆಂದು ಅಳೆಯುತ್ತಾರೆ. ನೋವಿಲ್ಲ. ನಮ್ಮ ದೇಶದಲ್ಲಿ ಇದನ್ನು ಸರಿಯಾಗಿ ಮಾಡುವ ಆಸ್ಪತ್ರೆಗಳು ಇನ್ನೂ ದೊಡ್ಡ ಊರುಗಳಲ್ಲಷ್ಟೇ ಇವೆ, ಅಲ್ಲೂ ಕೆಲವೇ.